‘ಈಗ ಬೇಡ’ ಎಂದ ಡಾಕ್ಟರು

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಹಲ್ಲಿನ ತಪಾಸಣಾ ಶಿಬಿರ ನಡೆಯಿತು. ಸಂಜೆ ಅವಳ ಬ್ಯಾಗಿನಿಂದ ಒಂದು ಚೀಟಿ ಹೊರಬಂತು: ಹಲ್ಲು ಓರೆಯಾಗಿವೆ, ಕ್ಲಿಪ್ ಹಾಕಬೇಕು, ಕೂಡಲೇ ಭೇಟಿ ಕೊಡಿ. ನೋಡಿದರೆ ನಿಜವೇ. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ಪಕ್ಕದವೆರಡು ಬೀಸಣಿಗೆಯ ಕಡ್ಡಿಗಳಂತೆ ಆಚೆಗೊಂದು ಈಚೆಗೊಂದು ವಾಲಿದ್ದವು. ಚೀಟಿ ಕೊಟ್ಟ ಕ್ಲಿನಿಕ್ಕಿಗೇ ಹೋದೆವು. ಬಾಯಿ ನೋಡಿದ್ದು ಎರಡು ನಿಮಿಷ, ಪ್ಯಾಕೇಜು ವಿವರಿಸಿದ್ದು ಇಪ್ಪತ್ತು ನಿಮಿಷ. ಮೆಟಲ್ ಆದರೆ ಇಷ್ಟು, ಸೆರಾಮಿಕ್ ಆದರೆ ಇಷ್ಟು, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಇಷ್ಟು ಬಿಡ್ತೀವಿ ಎಂದು ಕೌಂಟರಿನಲ್ಲಿದ್ದವರು ಕ್ಯಾಲ್ಕುಲೇಟರನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು. ಸೀರೆ ಅಂಗಡಿಯಲ್ಲಿ ಕೂತ ಹಾಗನ್ನಿಸಿ ಎದ್ದು ಬಂದೆವು.

ನಮ್ಮದು ದಾವಣಗೆರೆ. ಎರಡೆರಡು ಡೆಂಟಲ್ ಕಾಲೇಜುಗಳಿರುವ ಊರು. ಮುಂದಿನ ವಾರ ಅವುಗಳಲ್ಲೊಂದರ ಒಪಿಡಿಯಲ್ಲಿ ಸಾಲಿನಲ್ಲಿ ನಿಂತೆವು. ಅಲ್ಲಿನ ಹಿರಿಯ ಡಾಕ್ಟರು ಮೊದಲು ಮಗಳನ್ನು ಮಾತಾಡಿಸಿದರು, ‘ಹಲ್ಲು ಕಚ್ಚು ಪುಟ್ಟಿ, ಈಗ ಬಿಡು’ ಎಂದು ನಾಲ್ಕೈದು ಸಲ ಬಾಯಿ ಮುಚ್ಚಿಸಿ ತೆಗೆಸಿದರು. ಆಮೇಲೆ ತೋರುಬೆರಳನ್ನು ಮೇಲಿನ ವಸಡಿನ ಮೇಲೆ, ಕೋರೆಹಲ್ಲಿರುವ ಜಾಗದಲ್ಲಿ ಮೆಲ್ಲಗೆ ಒತ್ತಿ ಸವರಿದರು. ‘ನೋಡ್ರಿ, ಇಲ್ಲಿ ಕೋರೆಹಲ್ಲು ಇಳಿಯೋಕೆ ತಯಾರಾಗ್ತಾ ಇದೆ. ಅದು ಪಕ್ಕದ ಹಲ್ಲಿನ ಬೇರನ್ನ ಒತ್ತೋದ್ರಿಂದ ಹೊರಗೆ ಕಾಣೋ ಭಾಗ ಆಚೆಗೆ ವಾಲಿದೆ. ಅದು ಪೂರ್ತಿ ಇಳಿದ ಮೇಲೆ ಈ ಸಂದು ಬಹುತೇಕ ತಾನಾಗೇ ಮುಚ್ಚುತ್ತೆ. ಈಗ ಬೇಡ. ಆರು ತಿಂಗಳು ಬಿಟ್ಟು ಬನ್ನಿ’ ಎಂದರು. ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ನಾಲ್ಕು ಹಲ್ಲು ಬರೆದು, ಬೇರು ಎಲ್ಲಿ, ಒತ್ತಡ ಎಲ್ಲಿ ಎಂದು ತೋರಿಸಿಯೂ ಕೊಟ್ಟರು. ಫೀಸು ಹೊರರೋಗಿ ಚೀಟಿಯದಷ್ಟೇ.

ಅವರು ಹೇಳಿದ್ದು ಹೊಸ ಸಂಗತಿಯೇನಲ್ಲ. ಏಳೆಂಟರಿಂದ ಹನ್ನೆರಡರ ವಯಸ್ಸಿನ ನಡುವೆ ಬರುವ ಈ ಅವಸ್ಥೆಗೆ ದಂತವೈದ್ಯ ಪುಸ್ತಕಗಳಲ್ಲಿ ‘ಅಗ್ಲಿ ಡಕ್ಲಿಂಗ್ ಸ್ಟೇಜ್’ ಎಂಬ ಹೆಸರೇ ಇದೆ. ಹಂಸವಾಗುವ ಮುಂಚಿನ ಬಾತುಮರಿಯ ಹಂತ. ಮೊದಲ ಕ್ಲಿನಿಕ್ಕಿನವರಿಗೂ ಇದು ಗೊತ್ತಿಲ್ಲದ ವಿಷಯವಾಗಿರಲಾರದು. ಮಗುವಿನ ಹಲ್ಲಿಗೆ ನಂಬಿಕಸ್ಥ ಡಾಕ್ಟರನ್ನು ಹುಡುಕುವುದೆಂದರೆ ಏನು ಎಂಬುದು ನನಗೆ ಅರ್ಥವಾಗತೊಡಗಿದ್ದು ಅಂದಿನಿಂದ. ಕ್ಲಿಪ್ಪು ಟಿ.ವಿ., ಫ್ರಿಜ್ಜಿನಂತೆ ಒಮ್ಮೆ ಕೊಂಡು ಮನೆಗೆ ತರುವ ವಸ್ತುವಲ್ಲ. ಸುಮಾರು ಎರಡು ವರ್ಷ, ತಿಂಗಳಿಗೊಮ್ಮೆ, ಅದೇ ಕೈ ಅದೇ ಬಾಯನ್ನು ನೋಡಬೇಕು. ಆದ್ದರಿಂದ ಅಳೆಯಬೇಕಾದ್ದು ಆ ಕೈಯನ್ನು.

ಹಾಗಂತ ‘ಕಾಯೋಣ’ ಎನ್ನುವುದು ಎಲ್ಲ ಮಕ್ಕಳಿಗೂ ಸರಿಯಲ್ಲ. ಹಲ್ಲೆಲ್ಲ ಹುಟ್ಟಿದ ಮೇಲೆ ನೋಡಿದರಾಯಿತು ಎಂದು ಕೂತರೆ ಕೆಲವು ತೊಂದರೆಗಳು ಕೈಮೀರುತ್ತವೆ. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಮೇಲಿನದರ ಮುಂದಕ್ಕೆ ಬರುವುದು. ಕಚ್ಚುವಾಗ ಗದ್ದ ಒಂದು ಪಕ್ಕಕ್ಕೆ ಸರಿಯುವುದು. ಶಾಶ್ವತ ಹಲ್ಲು ಬರುತ್ತಿದ್ದರೂ ಬಿಡದ ಬೆರಳು ಚೀಪುವ ಚಾಳಿ. ಮಲಗಿದಾಗ ಬಾಯಲ್ಲೇ ಉಸಿರಾಡುವುದು. ಒಂದು ಕಡೆಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಕಡೆಯದು ಬಾರದಿರುವುದು. ಹತ್ತು ವರ್ಷವಾದರೂ ಕೋರೆಹಲ್ಲಿನ ಉಬ್ಬು ಬೆರಳಿಗೆ ತಾಗದಿರುವುದು. ಇವನ್ನು ಕಂಡರೆ ತಡಮಾಡದೆ ತೋರಿಸಬೇಕು. ಬಾಯಲ್ಲಿ ಉಸಿರಾಡುವ ಮಗುವನ್ನು ಒಳ್ಳೆಯ ಡಾಕ್ಟರು ಮೊದಲು ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಕಳಿಸುತ್ತಾರೆ. ಮೂಗು ಕಟ್ಟಿರುವಾಗ ಹಲ್ಲು ಜೋಡಿಸಿ ಪ್ರಯೋಜನವಿಲ್ಲ. ಮಗುವಿಗೆ ಏಳು ತುಂಬುವುದರೊಳಗೆ ಒಮ್ಮೆ ತೋರಿಸಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ (ಹಲ್ಲು ಜೋಡಿಸುವ ತಜ್ಞರ) ಸಂಘ ಹೇಳುವುದು ಇಂಥ ತೊಂದರೆಗಳನ್ನು ಬೇಗ ಗುರುತಿಸಲೆಂದೇ. ತೋರಿಸುವುದೇ ಬೇರೆ, ಕ್ಲಿಪ್ ಹಾಕಿಸುವುದೇ ಬೇರೆ.

ಮೇಲಿನ ಹಲ್ಲು ಮುಂದಕ್ಕೆ ಉಬ್ಬಿರುವ ಮಕ್ಕಳದ್ದು ಇನ್ನೊಂದು ಗೊಂದಲ. ಎಂಟರಲ್ಲೇ ಶುರು ಮಾಡಿ ಎರಡು ಕಂತಿನಲ್ಲಿ ಚಿಕಿತ್ಸೆ ಕೊಡುವುದು ಮೇಲೋ, ಹನ್ನೆರಡರ ಸುಮಾರಿಗೆ ಒಂದೇ ಸಲಕ್ಕೆ ಮುಗಿಸುವುದು ಮೇಲೋ? ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ಸಮೀಕ್ಷೆಗೆ ಬೇಗ ಶುರು ಮಾಡಿದ್ದರಿಂದ ಕಂಡ ಹೆಚ್ಚಿನ ಲಾಭ ಒಂದೇ: ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವ ಅಪಾಯ ಕಡಿಮೆಯಾಗುತ್ತದೆ. ಆಟದ ಬಯಲಿನಲ್ಲೇ ಕಾಲ ಕಳೆಯುವ, ಹಲ್ಲು ತೀರಾ ಮುಂದಿರುವ ಹುಡುಗನಿಗೆ ಈ ಲಾಭ ದೊಡ್ಡದು. ಉಳಿದವರು ಕಾಯಬಹುದು. ಎರಡು ಕಂತೆಂದರೆ ಎರಡು ಬಿಲ್ಲು ಎಂಬುದನ್ನು ಮರೆಯಬಾರದು.

ಇನ್ನು ಬೋರ್ಡು ಓದುವ ವಿಚಾರ. ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇವರು ಸಾಮಾನ್ಯ ದಂತವೈದ್ಯರು. ಅದರ ಮೇಲೆ ಮೂರು ವರ್ಷ ಓದಿದರೆ ಎಂಡಿಎಸ್. ಆದರೆ ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗಗಳಿವೆ. ಬೇರುನಾಳ ಚಿಕಿತ್ಸೆಯವರೂ ವಸಡಿನವರೂ ಎಂಡಿಎಸ್ಸೇ. ಹಲ್ಲು, ದವಡೆ ಜೋಡಿಸುವ ವಿಭಾಗದ ಹೆಸರು ಆರ್ಥೊಡಾಂಟಿಕ್ಸ್. ಮಕ್ಕಳ ಹಲ್ಲಿನ ಹುಳುಕು, ಹಾಲುಹಲ್ಲಿನ ಆರೈಕೆ, ಬೆರಳು ಚೀಪುವುದನ್ನು ಬಿಡಿಸುವುದು ಇವೆಲ್ಲ ಪೀಡೊಡಾಂಟಿಸ್ಟರ ಕೆಲಸ; ಅವರದು ಬೇರೆ ವಿಭಾಗ. ಆದ್ದರಿಂದ ಬರೀ ‘ಎಂಡಿಎಸ್’ ಎಂದಿದ್ದರೆ ‘ಯಾವುದರಲ್ಲಿ ಡಾಕ್ಟ್ರೇ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ವಾರಾಂತ್ಯದ ಕೋರ್ಸು, ಫೆಲೋಶಿಪ್ಪುಗಳ ಚೌಕಟ್ಟು ಹಾಕಿದ ಸರ್ಟಿಫಿಕೇಟುಗಳು ಮೂರು ವರ್ಷದ ಓದಿಗೆ ಸಮವಲ್ಲ. ಸಣ್ಣಪುಟ್ಟ ಓರೆಯನ್ನು ಚೆನ್ನಾಗಿ ಸರಿಮಾಡುವ ಅನುಭವಿ ಬಿಡಿಎಸ್ ಡಾಕ್ಟರುಗಳು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮಗುವಿನ ದವಡೆ ಬೆಳೆಯುತ್ತಿರುತ್ತದೆ. ಆ ಬೆಳವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಮುಂದಿನ ನಾಲ್ಕು ವರ್ಷವನ್ನು ಊಹಿಸುವ ಕೆಲಸಕ್ಕೆ ಅದನ್ನೇ ಓದಿದವರು ಬೇಕು.

ದಂತವೈದ್ಯರ ನೋಂದಣಿಗೆ ನಮ್ಮಲ್ಲಿ 1948ರಿಂದ ಕಾಯಿದೆಯಿದೆ. ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇಲ್ಲದೆ ಯಾರೂ ಹಲ್ಲು ಮುಟ್ಟುವಂತಿಲ್ಲ. ಕ್ಲಿನಿಕ್ಕು ಕೂಡ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿರಬೇಕು. ಇವೆರಡೂ ಗೋಡೆಯ ಮೇಲೆ ಕಾಣುತ್ತವೆಯೇ ಎಂದು ಕಾಯುತ್ತಾ ಕೂತಾಗ ನೋಡಿ. ಹೇಗೂ ಹಳೇ ಪತ್ರಿಕೆ ತಿರುವಿಹಾಕುವ ಹೊತ್ತು ಅದು. ಆರ್ಥೊಡಾಂಟಿಸ್ಟರಿಗೆ 1965ರಲ್ಲಿ ಶುರುವಾದ ‘ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ’ ಎಂಬ ಸ್ವಂತ ಸಂಘವಿದೆ. ಅದರ ಸದಸ್ಯರೇ ಎಂದೂ ಕೇಳಬಹುದು.

ಎಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ಮಾತ್ರ ತಂದೆತಾಯಿ ಕೇಳುವುದೇ ಇಲ್ಲ. ‘ಕ್ಲಿಪ್ ಹಾಕೋರು ನೀವೇನಾ?’ ನಮ್ಮ ಊರುಗಳಲ್ಲಿ ಬಹಳಷ್ಟು ಕ್ಲಿನಿಕ್ಕುಗಳು ನಡೆಯುವ ರೀತಿ ಹೀಗಿದೆ: ಕ್ಲಿನಿಕ್ಕಿನ ಒಡೆಯರು ಬಿಡಿಎಸ್; ಆರ್ಥೊಡಾಂಟಿಸ್ಟರು ತಿಂಗಳಿಗೊಂದೋ ಎರಡೋ ದಿನ ‘ವಿಸಿಟಿಂಗ್’ ಬರುತ್ತಾರೆ. ಒಂದೇ ಮಧ್ಯಾಹ್ನ ಇಪ್ಪತ್ತು ಮಕ್ಕಳ ತಂತಿ ಬಿಗಿಮಾಡಿ ಇನ್ನೊಂದು ಊರಿಗೆ ಹೊರಡುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಹೊನ್ನಾಳಿಯಲ್ಲೋ ಹರಪನಹಳ್ಳಿಯಲ್ಲೋ ಇರುವ ಮಗುವಿಗೆ ತಜ್ಞರು ಸಿಗುವುದೇ ಈ ಏರ್ಪಾಟಿನಿಂದ. ತೊಂದರೆ ಬರುವುದು ಆ ತಜ್ಞರ ಹೆಸರು ಕೂಡ ನಮಗೆ ಗೊತ್ತಿಲ್ಲದಿದ್ದಾಗ. ಅವರು ಬರುವುದು ನಿಲ್ಲಿಸಿ ಮತ್ತೊಬ್ಬರು ಬಂದರೆ ಹಿಂದಿನವರ ಯೋಜನೆ ಹೊಸಬರಿಗೆ ಗೊತ್ತಿರುವುದಿಲ್ಲ. ಎರಡು ವರ್ಷದ ಕೆಲಸ ಮೂರೂವರೆ ವರ್ಷಕ್ಕೆ ಎಳೆಯುವುದು ಹೆಚ್ಚಾಗಿ ಹೀಗೆ. ಆದ್ದರಿಂದ ಮೊದಲೇ ಕೇಳಿ: ತಜ್ಞರ ಹೆಸರೇನು, ಎಷ್ಟು ವರ್ಷದಿಂದ ಇಲ್ಲಿಗೆ ಬರುತ್ತಿದ್ದಾರೆ, ಯಾವ ದಿನ ಸಿಗುತ್ತಾರೆ, ನಡುವೆ ತಂತಿ ಚುಚ್ಚಿದರೆ ಯಾರು ನೋಡುತ್ತಾರೆ.

ಕೆಲಸ ಬಲ್ಲವರು ಮೊದಲ ದಿನವೇ ಕ್ಲಿಪ್ ಅಂಟಿಸುವುದಿಲ್ಲ. ಮುಖದ ಮತ್ತು ಹಲ್ಲಿನ ಫೋಟೋ ತೆಗೆಯುತ್ತಾರೆ. ಹಲ್ಲಿನ ಅಚ್ಚು ತೆಗೆಯುತ್ತಾರೆ ಅಥವಾ ಸ್ಕ್ಯಾನ್ ಮಾಡುತ್ತಾರೆ. ಎರಡು ಬಗೆಯ ಎಕ್ಸ್-ರೇ ಬರೆದುಕೊಡುತ್ತಾರೆ: ಎರಡೂ ದವಡೆಯ ಎಲ್ಲ ಹಲ್ಲುಗಳು ಒಟ್ಟಿಗೆ ಕಾಣುವ ಓಪಿಜಿ, ತಲೆಯನ್ನು ಪಕ್ಕದಿಂದ ತೋರಿಸುವ ಸೆಫಲೋಗ್ರಾಮ್. ಒಳಗೆ ಅಡ್ಡ ಮಲಗಿರುವ ಕೋರೆಹಲ್ಲು, ಹುಟ್ಟಲೇ ಇಲ್ಲದ ಶಾಶ್ವತ ಹಲ್ಲು, ಲೆಕ್ಕಕ್ಕಿಂತ ಹೆಚ್ಚಾಗಿ ಅಡಗಿ ಕೂತ ಹಲ್ಲು ಇವೆಲ್ಲ ಗೊತ್ತಾಗುವುದು ಓಪಿಜಿಯಲ್ಲಿ. ಓರೆ ಬರೀ ಹಲ್ಲಿನದೋ ದವಡೆಯ ಮೂಳೆಯದೋ ಎಂಬುದನ್ನು ಹೇಳುವುದು ಎರಡನೆಯದು. ಇದನ್ನೆಲ್ಲ ಮುಂದಿಟ್ಟುಕೊಂಡು ಇನ್ನೊಂದು ದಿನ ತಂದೆತಾಯಿಯನ್ನು ಕೂರಿಸಿ ಯೋಜನೆ ವಿವರಿಸುವುದು ಸರಿಯಾದ ಕ್ರಮ. ಯಾವ ಎಕ್ಸ್-ರೇಯೂ ಇಲ್ಲದೆ ಅಂಟಿಸಲು ಹೊರಟವರ ಕುರ್ಚಿಯಿಂದ ಮಗುವನ್ನು ಇಳಿಸಿಕೊಂಡು ಬನ್ನಿ.

ಚಿಕಿತ್ಸೆ ಎಷ್ಟು ಅಗತ್ಯ ಎಂಬುದಕ್ಕೂ ಅಳತೆಗೋಲಿದೆ. ಬ್ರಿಟನ್ನಿನಲ್ಲಿ 1989ರಲ್ಲಿ ರೂಪಿಸಿದ ‘ಐಒಟಿಎನ್’ ಎಂಬ ಸೂಚಿಯಲ್ಲಿ ಒಂದರಿಂದ ಐದರವರೆಗೆ ಗ್ರೇಡುಗಳಿವೆ. ನಾಲ್ಕು ಮತ್ತು ಐದಾದರೆ ಅಗತ್ಯ ನಿಜವಾಗಿಯೂ ಇದೆ ಎಂದರ್ಥ. ಒಂದು, ಎರಡಾದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ದುಡ್ಡು ಹಾಕುವುದಿಲ್ಲ. ನಮ್ಮ ಆರ್ಥೊಡಾಂಟಿಸ್ಟರಿಗೂ ಈ ಸೂಚಿ ಗೊತ್ತು. ‘ನಮ್ಮ ಹುಡುಗನದು ಎಷ್ಟನೇ ಗ್ರೇಡು ಡಾಕ್ಟ್ರೇ?’ ಎಂದು ಕೇಳಿ ನೋಡಿ. ಕೆಳಗಿನ ಗ್ರೇಡಾದರೂ ಅಂದಕ್ಕಾಗಿ ಮಾಡಿಸಬಹುದು, ತಪ್ಪೇನಿಲ್ಲ. ಅದು ಅಂದಕ್ಕಾಗಿ ಎಂಬುದು ಗೊತ್ತಿದ್ದು ಮಾಡಿಸಬೇಕು.

‘ಆರೇ ತಿಂಗಳಲ್ಲಿ ಮುಗಿಸ್ತೀವಿ’ ಎಂಬ ಮಾತಿಗೆ ಮರುಳಾಗಬೇಡಿ. ತಂತಿ ಒತ್ತಿದ ಕಡೆ ಮೂಳೆ ಕರಗಿ, ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ಕಟ್ಟಿಕೊಳ್ಳಬೇಕು. ಹೆಚ್ಚು ಬಲ ಹಾಕಿದರೆ ಬೇಗ ಸರಿಯುವುದಿಲ್ಲ, ಬೇರಿಗೆ ಪೆಟ್ಟಾಗುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿದರೆ ಅದೇ ಒಳ್ಳೆಯ ವೇಗ.

ಹಲ್ಲು ಕೀಳಿಸುವ ಮಾತು ಬಂದಾಗ ಮನೆಯಲ್ಲಿ ಗಲಾಟೆ ಶುರುವಾಗುತ್ತದೆ. ನನ್ನ ಮಗಳಿಗೆ ಹನ್ನೆರಡಾದಾಗ ಮುಂದಿನ ಸಂದೇನೋ ಆ ಡಾಕ್ಟರು ಹೇಳಿದಂತೆ ಮುಚ್ಚಿತ್ತು. ಆದರೆ ದವಡೆ ಚಿಕ್ಕದು, ಹಲ್ಲುಗಳು ದೊಡ್ಡವು. ಕೋರೆಹಲ್ಲುಗಳು ಸಾಲು ಬಿಟ್ಟು ಮೇಲೆ ನಿಂತವು. ‘ಹಲ್ಲಿನ ಮ್ಯಾಲೆ ಹಲ್ಲು ಬಂದ್ರೆ ಅದೃಷ್ಟ, ಬಿಡು. ಗಟ್ಟಿ ಹಲ್ಲನ್ನ ಯಾರಾದ್ರೂ ಕೀಳಿಸ್ತಾರಾ?’ ಎಂದು ಅವಳ ಅಜ್ಜಿ. ಡಾಕ್ಟರು ಅಜ್ಜಿಗೆ ಬಸ್ಸಿನ ಲೆಕ್ಕ ಹೇಳಿದರು: ‘ಮೂರು ಜನರ ಸೀಟಿನಾಗ ನಾಲ್ಕು ಜನ ಕೂತಾರಮ್ಮ. ಒಬ್ಬರು ಎದ್ದರೆ ಉಳಿದವರು ನೆಟ್ಟಗೆ ಕೂರ್ತಾರೆ.’ ಕೋರೆಹಲ್ಲಿನ ಹಿಂದಿರುವ ಸಣ್ಣ ದವಡೆಹಲ್ಲನ್ನು ನಾಲ್ಕು ಕಡೆಯೂ ತೆಗೆಸುವುದು ಈ ಚಿಕಿತ್ಸೆಯಲ್ಲಿ ರೂಢಿಯಲ್ಲಿರುವ ಕ್ರಮ. ಎಲ್ಲರಿಗೂ ಬೇಕಿಲ್ಲ. ‘ನಾವು ಹಲ್ಲು ಕೀಳೋದೇ ಇಲ್ಲ’ ಎಂದು ಜಾಹೀರಾತು ಕೊಡುವವರನ್ನೂ, ಬಂದವರಿಗೆಲ್ಲ ನಾಲ್ಕು ಕೀಳುವವರನ್ನೂ ಒಂದೇ ಅನುಮಾನದಿಂದ ನೋಡಿ. ಏಕೆ ಕೀಳಬೇಕು, ಕೀಳದಿದ್ದರೆ ಏನಾಗುತ್ತದೆ ಎಂಬುದನ್ನು ಅಚ್ಚಿನ ಮೇಲೆ ಅಳೆದು ತೋರಿಸಬಲ್ಲವರು ನಂಬಿಕೆಗೆ ಅರ್ಹರು. ಕೀಳಿಸಿದ ಹಲ್ಲನ್ನು ಮತ್ತೆ ಕೂರಿಸಲಾಗದು. ಇಲ್ಲಿ ಎರಡನೇ ಡಾಕ್ಟರ ಅಭಿಪ್ರಾಯ ಕೇಳಲು ನಾಚಿಕೆ ಬೇಡ. ಎಕ್ಸ್-ರೇ ನಮ್ಮ ದುಡ್ಡಿನದು, ಪ್ರತಿ ಕೇಳಿ ತೆಗೆದುಕೊಂಡು ಹೋಗಬಹುದು.

ದುಡ್ಡಿನ ಮಾತನ್ನು ಬರವಣಿಗೆಯಲ್ಲಿ ಆಡಬೇಕು. ಮೆಟಲ್ ಕ್ಲಿಪ್ಪು ಎಲ್ಲಕ್ಕಿಂತ ಅಗ್ಗ, ಹಲ್ಲಿನ ಬಣ್ಣದ ಸೆರಾಮಿಕ್ ಅದಕ್ಕಿಂತ ದುಬಾರಿ, ಪಾರದರ್ಶಕ ಅಲೈನರ್ ಲಕ್ಷದ ಗಡಿ ದಾಟುವುದೂ ಉಂಟು. ಎಕ್ಸ್-ರೇ, ಹಲ್ಲು ಕೀಳುವುದು, ಕಿತ್ತುಬಂದ ಬ್ರಾಕೆಟ್ (ತಂತಿ ಹಿಡಿದಿಡುವ ತುಣುಕು) ಮತ್ತೆ ಅಂಟಿಸುವುದು, ಕೊನೆಯಲ್ಲಿ ಕೊಡುವ ರಿಟೇನರ್ ಇವೆಲ್ಲ ಹೇಳಿದ ಮೊತ್ತದಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ. ಪೂರ್ತಿ ಹಣ ಮೊದಲೇ ಕಟ್ಟಬೇಡಿ. ಕೆಲಸ ಸಾಗಿದಂತೆ ಕಂತು ಸಾಗಲಿ. ಅಂಚೆಯಲ್ಲಿ ಅಲೈನರ್ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಚಿಕಿತ್ಸೆಯ ಅರ್ಧದಲ್ಲಿದ್ದವರು ನಡುನೀರಿನಲ್ಲಿ ನಿಂತರು. ಇನ್ನು ಅಲೈನರನ್ನು ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೆರಡು ಗಂಟೆ ಹಾಕಿಕೊಂಡಿರಬೇಕು, ಊಟಕ್ಕೆ, ಹಲ್ಲುಜ್ಜಲು ಮಾತ್ರ ತೆಗೆಯಬೇಕು. ವಾರಕ್ಕೊಂದು ನೀರಿನ ಬಾಟಲಿ ಕಳೆದುಕೊಂಡು ಬರುವ ಮಗುವಿಗೆ ಅದು ಹೊಂದುತ್ತದೆಯೇ ಎಂಬುದನ್ನು ಡಾಕ್ಟರಿಗಿಂತ ಚೆನ್ನಾಗಿ ತಾಯಿ ಬಲ್ಲಳು.

ಕೈ ಬಿಗಿಯಿದ್ದವರಿಗೆ ದಾರಿ ಇಲ್ಲದಿಲ್ಲ. ಬೆಂಗಳೂರಿನಲ್ಲಿ 1958ರಿಂದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಮಣಿಪಾಲ, ಮಂಗಳೂರು, ಧಾರವಾಡ, ಬೆಳಗಾವಿ, ಮೈಸೂರು, ದಾವಣಗೆರೆಗಳಲ್ಲಿ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ಕೈಯಿಟ್ಟು ಕೆಲಸ ಮಾಡುವವರು ಎಂಡಿಎಸ್ ಓದುತ್ತಿರುವ ವಿದ್ಯಾರ್ಥಿಗಳು, ನೋಡಿ ಒಪ್ಪುವವರು ಪ್ರೊಫೆಸರುಗಳು. ಖರ್ಚು ಹೊರಗಿನದಕ್ಕಿಂತ ಕಡಿಮೆ, ಪ್ರತಿ ತಂತಿಗೂ ಒಬ್ಬ ಮೇಷ್ಟ್ರ ಕಣ್ಣಿರುತ್ತದೆ. ಕೊಡಬೇಕಾದ ಬೆಲೆ ಸಮಯ. ಬೆಳಗ್ಗೆ ಸಾಲಿನಲ್ಲಿ ನಿಲ್ಲಬೇಕು, ಶಾಲೆಗೆ ಅರ್ಧ ದಿನ ರಜೆ ಬೀಳುತ್ತದೆ. ವಿದ್ಯಾರ್ಥಿಯ ಮೂರು ವರ್ಷ ಮುಗಿದರೆ ಕೇಸು ಇನ್ನೊಬ್ಬರ ಕೈಗೆ ಹೋಗುವುದೂ ಉಂಟು. ಮೊದಲ ಇಲ್ಲವೇ ಎರಡನೇ ವರ್ಷದ ವಿದ್ಯಾರ್ಥಿ ಸಿಕ್ಕರೆ ಒಳ್ಳೆಯದು ಎಂಬುದು ಆ ಸಾಲಿನಲ್ಲಿ ನಿಂತವರಿಂದ ಕಲಿತ ಜಾಣತನ.

ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಉಳಿದ ಅರ್ಧ ಮನೆಯಲ್ಲಿ ನಡೆಯುವ ಕೆಲಸ. ಸಂಕ್ರಾಂತಿಯ ಕಬ್ಬು, ಎಳ್ಳುಬೆಲ್ಲದ ಒಣಕೊಬ್ಬರಿ, ಚಕ್ಕುಲಿ, ಖಡಕ್ ರೊಟ್ಟಿ, ಮಂಡಕ್ಕಿಯೊಳಗಿನ ಹುರಿಗಡಲೆ ಇವೆಲ್ಲ ಬ್ರಾಕೆಟ್ಟಿನ ವೈರಿಗಳು. ತಂತಿ ಬಿಗಿಮಾಡಿಸಿದ ದಿನ ರಾಗಿ ಮುದ್ದೆಗಿಂತ ದೊಡ್ಡ ನೆಂಟನಿಲ್ಲ. ಅದನ್ನು ಅಗಿಯುವ ರೂಢಿಯೇ ಇಲ್ಲವಲ್ಲ. ನನ್ನ ಮಗಳು ಪ್ರತಿ ತಿಂಗಳೂ ತನ್ನ ಕ್ಲಿಪ್ಪಿನ ರಬ್ಬರಿನ ಬಣ್ಣ ಆರಿಸುತ್ತಾಳೆ. ಐಪಿಎಲ್ ಶುರುವಾದರೆ ಆರ್‌ಸಿಬಿ ಕೆಂಪು. ಬ್ರಷ್ ಸರಿಯಾಗಿ ಮಾಡದಿದ್ದರೆ ಬ್ರಾಕೆಟ್ಟಿನ ಸುತ್ತ ಸುಣ್ಣದಂಥ ಬಿಳಿ ಕಲೆ ಕೂತು, ಕ್ಲಿಪ್ ತೆಗೆದ ಮೇಲೂ ಉಳಿಯುತ್ತದೆ. ಹುಳುಕು ಹಲ್ಲು, ರಕ್ತ ಬರುವ ವಸಡು ಇರುವ ಬಾಯಿಗೆ ಅದನ್ನು ಸರಿಪಡಿಸದೆ ಕ್ಲಿಪ್ ಹಾಕುವ ಡಾಕ್ಟರು ಅವಸರದವರು. ಜಗಳೂರು, ಪಾವಗಡ, ಬಾಗೇಪಳ್ಳಿ ಕಡೆಯ ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳ ಕಂದುಗಟ್ಟಿದ ಹಲ್ಲಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬ್ರಾಕೆಟ್ಟು ಪದೇ ಪದೇ ಕಳಚುತ್ತದೆ. ಇದನ್ನು ಮೊದಲೇ ಹೇಳಿ ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುವವರು ಈ ನೆಲದ ಬಾಯಿಗಳನ್ನು ಬಲ್ಲವರು.

ಕ್ಲಿಪ್ ಬಿಚ್ಚಿದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಸರಿದ ಹಲ್ಲಿಗೆ ಹಳೇ ಜಾಗದ ನೆನಪಿರುತ್ತದೆ; ಬಿಟ್ಟರೆ ಅಲ್ಲಿಗೇ ಹೊರಡುತ್ತದೆ. ಅದನ್ನು ತಡೆಯುವ ರಿಟೇನರನ್ನು ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಇದನ್ನು ಕೊನೆಯ ದಿನ ಹೇಳುವವರಿಗಿಂತ ಮೊದಲ ದಿನ ಹೇಳುವವರು ಮೇಲು.

ಇಷ್ಟೆಲ್ಲ ನೋಡಿಯೂ ಎಡವಟ್ಟಾದರೆ ಕೈಕಟ್ಟಿ ಕೂರಬೇಕಿಲ್ಲ. ವೈದ್ಯರ ನಡತೆಯ ಬಗ್ಗೆ ರಾಜ್ಯ ದಂತವೈದ್ಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಅಲ್ಲಿ ಮಾತಾಡುವುದು ಕಾಗದಪತ್ರ ಮಾತ್ರ. ಆದ್ದರಿಂದ ರಸೀದಿ, ಎಕ್ಸ್-ರೇ, ಯೋಜನೆಯ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿಡಿ.

ಮೊದಲ ಭೇಟಿಗೆ ಹೊರಡುವಾಗ ಒಂದು ಚೀಟಿಯಲ್ಲಿ ಐದು ಪ್ರಶ್ನೆ ಬರೆದುಕೊಂಡು ಹೋಗಿ: ಈಗಲೇ ಏಕೆ? ಮಾಡದಿದ್ದರೆ ಏನಾಗುತ್ತದೆ? ಮಾಡುವವರು ಯಾರು, ಕೊನೆಯವರೆಗೂ ಅವರೇನಾ? ಒಟ್ಟು ಖರ್ಚಿನಲ್ಲಿ ಏನೇನು ಸೇರಿದೆ? ಮುಗಿದ ಮೇಲೆ ಎಷ್ಟು ದಿನ ನೋಡಿಕೊಳ್ಳುತ್ತೀರಿ? ಇವಕ್ಕೆ ಉತ್ತರ ಹೇಳಲು ಬೇಸರಪಡುವವರ ಕುರ್ಚಿಯಲ್ಲಿ ನಿಮ್ಮ ಮಗುವನ್ನು ಎರಡು ವರ್ಷ ಕೂರಿಸಬೇಡಿ.